ಮಕ್ಕಳ ತಿಂಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳು ಇಷ್ಟಪಟ್ಟು ತಿನ್ನುವ, ಮೈಗೂ ಒಗ್ಗುವ ತಿಂಡಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಟ್ಟಿಗೆ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಮಗು ತಟ್ಟೆ ದೂಡುವುದು ಬಹಳ ಸಲ ರುಚಿಗಲ್ಲ, ಹದಕ್ಕೆ. ಗರಿಗರಿ ಇರಬೇಕಾದದ್ದು ಮೆತ್ತಗಾದರೆ, ಮೆತ್ತಗಿರಬೇಕಾದದ್ದು ಅಂಟಿಕೊಂಡರೆ, ಒಳ್ಳೆಯ ಪದಾರ್ಥ ಎಂಬ ಕಾರಣಕ್ಕೆ ಮಗು ರಿಯಾಯಿತಿ ಕೊಡುವುದಿಲ್ಲ. ಹದ ಕೆಡಿಸುವುದು ಹೆಚ್ಚಾಗಿ ನೀರು.

ಅಳತೆ: ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ.

ಪ್ರಶ್ನೆ: ಬೇಯಿಸಿದ ಕಾಬೂಲಿ ಕಡಲೆಯನ್ನು ಓವನ್‌ನಲ್ಲಿ ಹುರಿಯುತ್ತೇನೆ. ಹೊರಗೆ ತೆಗೆದಾಗ ಗರಿಗರಿಯಾಗಿರುತ್ತದೆ, ಎರಡು ಗಂಟೆ ಕಳೆದರೆ ರಬ್ಬರಿನ ಹಾಗೆ ಅಗಿಯಬೇಕು. ಎಂಟು ವರ್ಷದ ಮಗಳು ಒಂದೆರಡು ಬಾಯಿಗೆ ಹಾಕಿಕೊಂಡು ಡಬ್ಬಿ ಹಾಗೇ ವಾಪಸ್ ತರುತ್ತಾಳೆ. ಎಣ್ಣೆ ಕಡಿಮೆಯಾಯಿತೇ?

ಎಣ್ಣೆಯ ತಪ್ಪಲ್ಲ. ಕಾಳಿನ ಹೊರಗೆ ಒಣಗಿದೆ, ನಡುವೆ ತೇವ ಉಳಿದಿದೆ. ತಣಿಯುತ್ತಾ ಹೋದಂತೆ ಆ ತೇವ ಹೊರಗಿನ ಪದರಕ್ಕೆ ಹರಡಿ ಅದನ್ನೂ ಮೆತ್ತಗೆ ಮಾಡುತ್ತದೆ. ಎಣ್ಣೆ ಹೆಚ್ಚಿಸಿದರೆ ಜಿಡ್ಡು ಹೆಚ್ಚುತ್ತದೆ, ಅಷ್ಟೇ.

200 ಗ್ರಾಂ ಒಣ ಕಡಲೆಯನ್ನು 8ರಿಂದ 10 ಗಂಟೆ ನೆನೆಸಿ. ಬೆರಳಲ್ಲಿ ಒತ್ತಿದರೆ ಬಗ್ಗಬೇಕು, ಕಲಸಿ ಹೋಗಬಾರದು. ಆ ಹದಕ್ಕೆ ಬೇಯಿಸಿ. ತೀರಾ ಬೆಂದ ಕಾಳು ನೀರು ಕುಡಿದು ಒಡೆದಿರುತ್ತದೆ, ಅದು ಎಷ್ಟು ಹುರಿದರೂ ಪುಡಿಪುಡಿಯಾಗುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. ಸೋಸಿ, ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಆರಲು ಬಿಡಿ. ಮೇಲೆ ಇನ್ನೊಂದು ಬಟ್ಟೆ ಹಾಕಿ ಮೆಲ್ಲಗೆ ಉಜ್ಜಿದರೆ ಸಡಿಲವಾದ ಸಿಪ್ಪೆಗಳು ತಾವೇ ಕಳಚುತ್ತವೆ. ಅವನ್ನು ಆರಿಸಿ ತೆಗೆಯಿರಿ, ಓವನ್‌ನಲ್ಲಿ ಮೊದಲು ಕಪ್ಪಾಗುವುದು ಅವೇ. ಈ ಒಂದು ಗಂಟೆಯನ್ನು ಉಳಿಸಲು ಹೋಗುವವರಿಗೇ ರಬ್ಬರ್ ಕಡಲೆ ಸಿಗುವುದು.

ಓವನ್ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಕಡಲೆಯನ್ನು ಟ್ರೇಯಲ್ಲಿ ಒಂದೇ ಪದರವಾಗಿ ಹರಡಿ. ಮೊದಲ 15 ನಿಮಿಷ ಎಣ್ಣೆ ಬೇಡವೇ ಬೇಡ. ಆಮೇಲೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕಲಸಿ, ಇನ್ನೂ 20ರಿಂದ 25 ನಿಮಿಷ ಹುರಿಯಿರಿ. ನಡುವೆ ಎರಡು ಸಲ ಟ್ರೇ ಅಲ್ಲಾಡಿಸಿ. ಬಿಸಿ ಕಾಳನ್ನು ಕಚ್ಚಿ ನೋಡಿದರೆ ಹದ ತಿಳಿಯುವುದಿಲ್ಲ. ಒಂದನ್ನು ಹೊರಗಿಟ್ಟು ಒಂದು ನಿಮಿಷ ತಣಿಸಿ ಕಚ್ಚಿ: ಟಕ್ಕೆಂದು ಒಡೆಯಬೇಕು, ನಡುವೆ ಹಿಟ್ಟು ಹಿಟ್ಟಾಗಿರಬಾರದು. ಆದ ಮೇಲೆ ಓವನ್ ಆರಿಸಿ, ಬಾಗಿಲು ತುಸು ತೆರೆದಿಟ್ಟು ಅರ್ಧ ಗಂಟೆ ಒಳಗೇ ಬಿಡಿ. ಉಳಿದ ತೇವ ಈಗ ಹೋಗುತ್ತದೆ.

ಖಾರದ ಪುಡಿ, ಜೀರಿಗೆ ಪುಡಿ, ಉಪ್ಪು ಎಲ್ಲ ಕೊನೆಗೆ. ಈ ಶಾಖದಲ್ಲಿ ಮಸಾಲೆ ಪುಡಿಗಳು ಹತ್ತು ನಿಮಿಷದಲ್ಲೇ ಸೀದು ಕಹಿಯಾಗುತ್ತವೆ. ಪೂರ್ತಿ ಒಣಗಿದ ಕಾಳಿಗೆ ಪುಡಿ ಅಂಟದಿದ್ದರೆ ಅರ್ಧ ಚಮಚ ಎಣ್ಣೆ ಸವರಿ. ಕೈಗೆ ಬೆಚ್ಚಗೆ ತಾಗುವಷ್ಟು ಬಿಸಿ ಇರುವಾಗಲೂ ಡಬ್ಬಿಗೆ ತುಂಬಬೇಡಿ, ಮುಚ್ಚಳದೊಳಗೆ ಹಬೆ ಕಟ್ಟಿ ಎಲ್ಲ ಶ್ರಮ ಹಾಳು. ಎರಡು ಮೂರು ದಿನ ಇಡಬಹುದು; ಮೆತ್ತಗಾದರೆ 180 ಡಿಗ್ರಿಯಲ್ಲಿ 5–7 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಕೈಯಾಡಿಸುತ್ತ ಹುರಿಯಬಹುದು, ತಾಳ್ಮೆ ಇದ್ದರೆ. ಮನೆಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳೂ ಇದ್ದರೆ ಅವರ ಕೈಗೆ ಇದನ್ನು ಕೊಡಬೇಡಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಅಕ್ಕ ತಿನ್ನುವುದೆಲ್ಲ ತನಗೂ ಬೇಕು ಎನ್ನುತ್ತಾನೆ. ಯಾವುದನ್ನು ಕೊಡಬಾರದು?

ದುಂಡಗಿನದು, ಗಟ್ಟಿಯಾದದ್ದು, ಅಂಟುವಂಥದು: ಈ ಮೂರನ್ನು ನೆನಪಿಟ್ಟುಕೊಳ್ಳಿ. ಈ ವಯಸ್ಸಿನಲ್ಲಿ ಅರೆಯುವ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ, ಉಸಿರಿನ ದಾರಿಯೂ ಕಿರಿದು. ಇಡೀ ಬಾದಾಮಿ, ಗೋಡಂಬಿ, ಕಡಲೆಕಾಯಿ ಬೀಜ, ಹುರಿದ ಕಾಳು, ಪಾಪ್‌ಕಾರ್ನ್ ಇವು ಕನಿಷ್ಠ ನಾಲ್ಕು ವರ್ಷ ತುಂಬುವವರೆಗೆ ಬೇಡ. ಇಡೀ ಬೀಜಗಳಿಗೆ ಐದು ವರ್ಷ ತುಂಬಲಿ ಎನ್ನುವ ವೈದ್ಯರೂ ಇದ್ದಾರೆ. ಬೀಜದ ಸತ್ವ ಬೇಕಿದ್ದರೆ ನುಣ್ಣಗೆ ಪುಡಿ ಮಾಡಿ ಹಣ್ಣಿನ ಮೇಲೆ ಉದುರಿಸಿ, ಅಥವಾ ಕಡಲೆಕಾಯಿ ಬೆಣ್ಣೆಯನ್ನು ಬ್ರೆಡ್ಡಿಗೆ ತೆಳ್ಳಗೆ ಸವರಿ. ಚಮಚದಲ್ಲಿ ತೆಗೆದು ಬಾಯಿಗಿಟ್ಟರೆ ಗಂಟಲಲ್ಲಿ ಅಂಟಿಕೊಳ್ಳುತ್ತದೆ.

ದ್ರಾಕ್ಷಿ, ಚಿಕ್ಕ ಟೊಮೆಟೊಗಳನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಕತ್ತರಿಸಿದ ಅರ್ಧ ದ್ರಾಕ್ಷಿಯೂ ದುಂಡಗೇ ಇರುತ್ತದೆ, ಅದು ಉಸಿರಿನ ದಾರಿಯನ್ನು ಬಿರಡೆಯಂತೆ ಮುಚ್ಚಿಬಿಡಬಲ್ಲದು. ಹಸಿ ಕ್ಯಾರೆಟ್ ಕಡ್ಡಿಯ ಬದಲು ಹಬೆಯಲ್ಲಿ ಬೇಯಿಸಿದ್ದು ಕೊಡಿ, ಎರಡು ಬೆರಳ ನಡುವೆ ಒತ್ತಿದರೆ ಹಿಸುಕುವಷ್ಟು ಮೆತ್ತಗಿರಲಿ. ಗಟ್ಟಿ ಸೇಬನ್ನು ತುರಿದು ಕೊಡಿ. ಓಡಾಡುತ್ತಾ, ಮಲಗಿಕೊಂಡು ತಿನ್ನುವುದನ್ನು ಬಿಡಿಸಿ. ಪಕ್ಕದಲ್ಲಿ ದೊಡ್ಡವರು ಇರಲಿ, ತಿನ್ನುವಾಗ ನಗಿಸಲು ಹೋಗಬೇಡಿ.

ಇದರ ಜೊತೆಗೆ ಜೇನುತುಪ್ಪದ ವಿಷಯ. 12 ತಿಂಗಳು ತುಂಬದ ಮಗು ಮನೆಯಲ್ಲಿದ್ದರೆ ಅದಕ್ಕೆ ಜೇನು ಕೊಡಲೇಬಾರದು, ಬೇಯಿಸಿದ ತಿಂಡಿಯಲ್ಲಿ ಸೇರಿಸಿಯೂ ಕೊಡಬಾರದು. ಬಾಟ್ಯುಲಿಸಂ ಎಂಬ, ನರಗಳನ್ನು ನಿಷ್ಕ್ರಿಯಗೊಳಿಸುವ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಅದರಲ್ಲಿರಬಹುದು, ಮನೆಯ ಅಡುಗೆಯ ಶಾಖಕ್ಕೆ ಅವು ಸಾಯುವುದಿಲ್ಲ.

ಪ್ರಶ್ನೆ: ಕ್ಯಾರೆಟ್, ಬಟಾಣಿ ಹಾಕಿದ ಆಲೂಗೆಡ್ಡೆ ಕಟ್ಲೆಟ್ ಎಣ್ಣೆಯಲ್ಲಿ ಕರಿದರೆ ಚೆನ್ನಾಗಿ ಬರುತ್ತದೆ. ಎಣ್ಣೆ ಕಡಿಮೆ ಮಾಡೋಣ ಎಂದು ಕಾವಲಿಯ ಮೇಲೆ ಮಾಡಿದರೆ ತಿರುವಿ ಹಾಕುವಾಗ ಒಡೆದು ಉಪ್ಪಿಟ್ಟಿನಂತಾಗುತ್ತದೆ.

ಕಾದ ಎಣ್ಣೆಯಲ್ಲಿ ಮುಳುಗಿದಾಗ ಸುತ್ತಲೂ ಒಮ್ಮೆಗೇ ಗಟ್ಟಿ ಪದರ ಕಟ್ಟುತ್ತದೆ, ಒಳಗಿನ ಮಿಶ್ರಣ ಸಡಿಲವಿದ್ದರೂ ಮುಚ್ಚಿಹೋಗುತ್ತದೆ. ಕಾವಲಿಯಲ್ಲಿ ಕಟ್ಟುವುದು ತಳ ಮಾತ್ರ. ಆದ್ದರಿಂದ ಮಿಶ್ರಣವೇ ಗಟ್ಟಿಯಾಗಿರಬೇಕು.

ನೀರು ಬರುವುದು ಎರಡು ಕಡೆಯಿಂದ. ಮೊದಲನೆಯದು ಆಲೂಗೆಡ್ಡೆ. ಸಿಪ್ಪೆ ತೆಗೆದು ಹೋಳು ಮಾಡಿ ಬೇಯಿಸಿದರೆ ಅದು ನೀರು ಹೀರುತ್ತದೆ. 300 ಗ್ರಾಂ ಗೆಡ್ಡೆಯನ್ನು ಸಿಪ್ಪೆಸಮೇತ ಇಡಿಯಾಗಿ ಬೇಯಿಸಿ, ಪೂರ್ತಿ ತಣಿಸಿ. ಹಿಂದಿನ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಲೇಸು, ಪಿಷ್ಟ ಬಿಗಿಯುತ್ತದೆ. ಮಾರನೆಯ ದಿನ ತುರಿಯಿರಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ಪಿಷ್ಟವೆಲ್ಲ ಹೊರಬಂದು ಗೋಂದಿನಂತಾಗುತ್ತದೆ.

ಎರಡನೆಯದು ಕ್ಯಾರೆಟ್. 100 ಗ್ರಾಂ ತುರಿಗೆ ಕಾಲು ಚಮಚ ಉಪ್ಪು ಬೆರೆಸಿ 10 ನಿಮಿಷ ಬಿಟ್ಟು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಿಂದ ಕಿತ್ತಳೆ ಬಣ್ಣದ ನೀರು ಧಾರೆಯಾಗಿ ಇಳಿಯುತ್ತದೆ. ಅದನ್ನು ಸಾರಿಗೋ ಹಿಟ್ಟು ಕಲಸುವುದಕ್ಕೋ ಇಟ್ಟುಕೊಳ್ಳಿ. ಬೆಂದ ಬಟಾಣಿ 100 ಗ್ರಾಂ, ನೀರು ಬಸಿದು ಒರಟಾಗಿ ಹಿಸುಕಿದ್ದು. ಓಟ್ಸ್ ಪುಡಿ ಅಥವಾ ಬ್ರೆಡ್ ಪುಡಿ 40 ಗ್ರಾಂ. ಉಪ್ಪು ಇನ್ನು ಕಾಲು ಚಮಚ ಸಾಕು, ಕ್ಯಾರೆಟ್‌ನಲ್ಲಿ ಆಗಲೇ ಒಂದಿಷ್ಟು ಇದೆ. ಎಲ್ಲ ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಓಟ್ಸ್ ಉಳಿದ ತೇವ ಎಳೆದುಕೊಳ್ಳಲಿ. ಒಂದು ಉಂಡೆ ಮಾಡಿ ಹೆಬ್ಬೆರಳಲ್ಲಿ ಅದುಮಿ ನೋಡಿ. ಕೈಗೆ ಅಂಟಿದರೆ ಒಂದು ದೊಡ್ಡ ಚಮಚ ಪುಡಿ ಸೇರಿಸಿ. ಅಂಚು ಬಿರುಕು ಬಿಟ್ಟರೆ ಪುಡಿ ಹೆಚ್ಚಾಗಿದೆ, ಕೈಯನ್ನು ಒದ್ದೆ ಮಾಡಿಕೊಂಡು ನಾದಿ.

5 ಸೆಂ.ಮೀ. ಅಗಲ, ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿದರೆ ಸುಮಾರು 15 ಆಗುತ್ತವೆ. ಕಾವಲಿ ಚೆನ್ನಾಗಿ ಕಾದ ಮೇಲೆ ನಾಲ್ಕು ಕಟ್ಲೆಟ್‌ಗೆ ಎರಡು ಚಮಚ ಎಣ್ಣೆ, ಉರಿ ಮಧ್ಯಮಕ್ಕಿಂತ ಕಡಿಮೆ. ನಾಲ್ಕು ನಿಮಿಷ ಮುಟ್ಟಬೇಡಿ. ತಳ ಕಟ್ಟಿದ ಕಟ್ಲೆಟ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಸಟ್ಟುಗಕ್ಕೆ ಅಂಟುತ್ತಿದ್ದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ತಿರುವುವುದು ಒಂದೇ ಸಲ.

ಬಟಾಣಿ ಬದಲು ರಾಜ್ಮಾ ಹಾಕಿದರೆ ಪ್ರೋಟೀನ್ ಹೆಚ್ಚುತ್ತದೆ. ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶ ವಾಂತಿ, ಭೇದಿ ತರಿಸುತ್ತದೆ.

ಪ್ರಶ್ನೆ: ಖರ್ಜೂರ ಮತ್ತು ಓಟ್ಸ್ ಬಾರ್ ಮಾಡಿದೆ. ಮೊದಲ ಸಲ ಪುಡಿಯಾಯಿತು, ಎರಡನೇ ಸಲ ಕಾಗದಕ್ಕೆ ಅಂಟಿ ಬಿಡಲೇ ಇಲ್ಲ. ಇನ್ನೊಂದು: ಇದರಲ್ಲಿ ಸಕ್ಕರೆ ಇಲ್ಲವಾದ್ದರಿಂದ ಎಷ್ಟು ಬೇಕಾದರೂ ಕೊಡಬಹುದಲ್ಲವೇ?

ಬೀಜ ತೆಗೆದ ಖರ್ಜೂರ 200 ಗ್ರಾಂ, ರೋಲ್ಡ್ ಓಟ್ಸ್ 150 ಗ್ರಾಂ, ಕಡಲೆಕಾಯಿ ಬೆಣ್ಣೆ 80 ಗ್ರಾಂ, ಎಳ್ಳು ಅಥವಾ ಕುಂಬಳಬೀಜ 40 ಗ್ರಾಂ, ಚಿಟಿಕೆ ಉಪ್ಪು. ಈ ಅಳತೆಯಲ್ಲಿ ಸಾಮಾನ್ಯವಾಗಿ ತಪ್ಪುವುದಿಲ್ಲ.

ಖರ್ಜೂರ ಒಣಗಿದ್ದರೆ ಓಟ್ಸನ್ನು ಹಿಡಿದುಕೊಳ್ಳುವುದಿಲ್ಲ, ಆಗ ಬಾರ್ ಪುಡಿಯಾಗುತ್ತದೆ. 10 ನಿಮಿಷ ಬಿಸಿನೀರಿನಲ್ಲಿಟ್ಟು, ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ ರುಬ್ಬಿ. ಒರೆಸದೆ ರುಬ್ಬಿದರೆ ನಿಮ್ಮ ಎರಡನೇ ಸಲದ ಕಥೆ; ಮೇಲಾಗಿ ಬೇಗ ಬೂಷ್ಟು ಹಿಡಿಯುತ್ತದೆ. ಓಟ್ಸನ್ನು ಸಣ್ಣ ಉರಿಯಲ್ಲಿ 6–7 ನಿಮಿಷ, ಪರಿಮಳ ಬರುವವರೆಗೆ ಹುರಿದು ತಣಿಸಿ. ಹಸಿ ಓಟ್ಸ್ ಹಾಕಿದ ಬಾರ್ ಬಾಯಲ್ಲಿ ಹಿಟ್ಟು ಹಿಟ್ಟಾಗುತ್ತದೆ, ಮಕ್ಕಳು ಬೇಡ ಎನ್ನುವುದು ಅದಕ್ಕೇ. ಎಲ್ಲ ಕೈಯಲ್ಲೇ ಕಲಸಿ, ಬೇಕಿಂಗ್ ಕಾಗದ ಹಾಸಿದ 20 ಸೆಂ.ಮೀ. ಚೌಕದ ಟ್ರೇಗೆ ಸುರಿದು, ಬಟ್ಟಲಿನ ತಳದಿಂದ ಭಾರ ಹಾಕಿ ಅದುಮಿ. ಮೂಲೆಗಳನ್ನು ಮರೆಯಬೇಡಿ, ಮೊದಲು ಉದುರುವುದು ಅಲ್ಲಿಂದಲೇ. ಎರಡು ಗಂಟೆ ಫ್ರಿಜ್‌ನಲ್ಲಿಟ್ಟ ಮೇಲೆ 16 ತುಂಡು ಮಾಡಿ.

ಸಕ್ಕರೆ ಇಲ್ಲ ಎನ್ನುವುದು ಸರಿಯಲ್ಲ. ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆಯೇ. ಮೇಲಿನ ಲೆಕ್ಕದಲ್ಲಿ ಒಂದೊಂದು ತುಂಡಿಗೂ ಸುಮಾರು 8 ಗ್ರಾಂ, ಎಂದರೆ ಎರಡು ಚಮಚ. ನಾರು, ಬೀಜಗಳ ಜೊತೆ ಬರುವುದರಿಂದ ಅದು ಮಿಠಾಯಿಗಿಂತ ಎಷ್ಟೋ ವಾಸಿ. ಆದರೂ ದಿನಕ್ಕೆ ಒಂದು ತುಂಡು ಸಾಕು. ಹಲ್ಲಿಗೆ ಮೆತ್ತಿಕೊಳ್ಳುವ ತಿಂಡಿ ಇದು, ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ರಾತ್ರಿ ಮಲಗುವ ಮುಂಚೆ ಬೇಡ.

ಬೆಲ್ಲ, ಜೇನು ಹಾಕಿದರೆ ಅದು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬಿದವರೂ ಬರೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಜೇನು, ಪಾಕ, ಹಣ್ಣಿನ ರಸ ಎಲ್ಲವನ್ನೂ ಮಿತಗೊಳಿಸಬೇಕಾದ ಸಕ್ಕರೆಯ ಸಾಲಿಗೇ ಸೇರಿಸುತ್ತದೆ: ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಆದರೆ ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಹೃದ್ರೋಗ ಸಂಘ 2ರಿಂದ 18 ವರ್ಷದವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಮೀರದಿರಲಿ, 2 ವರ್ಷದೊಳಗೆ ಬೇಡವೇ ಬೇಡ ಎನ್ನುತ್ತದೆ.

ಪ್ರಶ್ನೆ: ಪೊಟ್ಟಣದ ಮೇಲೆ "ಸಕ್ಕರೆ ಸೇರಿಸಿಲ್ಲ" ಎಂದಿದ್ದರೆ ನಂಬಬಹುದೇ?

ಮುಂಭಾಗ ಬಿಡಿ, ಹಿಂಭಾಗ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಮೂರರೊಳಗೆ ಗ್ಲುಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಸಾಂದ್ರ ಎಂಬ ಸಕ್ಕರೆಯ ಬೇರೆ ರೂಪಗಳಲ್ಲಿ ಯಾವುದು ಕಂಡರೂ ಅದು ಸಿಹಿತಿಂಡಿಯೇ. ಒಟ್ಟು ಸಕ್ಕರೆಯ ಗ್ರಾಂಗಳನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಚಮಚ ಎಂದು ತಿಳಿಯುತ್ತದೆ. ಆ ಅಂಕಿ 100 ಗ್ರಾಂಗೋ ಒಂದು ಬಡಿಸುವ ಪ್ರಮಾಣಕ್ಕೋ ಎಂಬುದನ್ನು ಮೊದಲು ನೋಡಿ.

ಪ್ರಶ್ನೆ: ಸಂಜೆ ಒಳ್ಳೆಯ ತಿಂಡಿಯನ್ನೇ ಕೊಡುತ್ತೇನೆ. ಆದರೆ ರಾತ್ರಿ ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಾನೆ. ತಿಂಡಿ ನಿಲ್ಲಿಸಲೇ?

ನಿಲ್ಲಿಸಬೇಡಿ, ಗಡಿಯಾರ ನೋಡಿ. ತಿಂಡಿ ಮುಗಿದ ಮೇಲೆ ಊಟಕ್ಕೆ ಎರಡು ಗಂಟೆಯಾದರೂ ಅಂತರವಿರಲಿ, ಆ ನಡುವೆ ನೀರು ಮಾತ್ರ. ಬಿಸ್ಕತ್ತು, ಒಂದು ಲೋಟ ಹಾಲು, ಮತ್ತೆ ನಾಲ್ಕು ಚಿಪ್ಸ್ ಎಂದು ಸಂಜೆಯಿಡೀ ಬಾಯಾಡಿಸುವ ಮಗುವಿಗೆ ಹಸಿವು ಎಂದರೇನೆಂದೇ ತಿಳಿಯದು. ಹಾಲನ್ನೂ ಲೆಕ್ಕಕ್ಕೆ ಹಿಡಿಯಿರಿ: ಅದು ಹೊಟ್ಟೆ ತುಂಬಿಸುವ ಆಹಾರ. ಚಿಕ್ಕ ಮಕ್ಕಳಲ್ಲಿ ಹಾಲು ಅತಿಯಾದರೆ ಊಟ ತಗ್ಗಿ ಕಬ್ಬಿಣದಂಶ ಕೊರತೆಯಾಗುತ್ತದೆ. ಇನ್ನು ಎಷ್ಟು ತಿನ್ನಬೇಕು ಎಂಬುದು ಅವನಿಗೇ ಬಿಟ್ಟದ್ದು. ಏನು, ಯಾವಾಗ, ಎಲ್ಲಿ ಎಂಬುದಷ್ಟೇ ನಿಮ್ಮ ಕೈಯಲ್ಲಿರಲಿ. "ಇದನ್ನು ತಿಂದರೆ ಚಾಕೊಲೇಟ್" ಎಂಬ ಲಂಚ ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ಅದರಿಂದ ಬೆಲೆ ಏರುವುದು ಚಾಕೊಲೇಟಿಗೆ.

ಪ್ರಶ್ನೆ: ತರಕಾರಿಯನ್ನು ರುಬ್ಬಿ, ಗೊತ್ತಾಗದ ಹಾಗೆ ತಿಂಡಿಯಲ್ಲಿ ಬೆರೆಸಿ ಕೊಡುವುದು ಸರಿಯೇ?

ಸತ್ವದ ಮಟ್ಟಿಗೆ ಸರಿ, ಅಭ್ಯಾಸದ ಮಟ್ಟಿಗೆ ಸಾಲದು. ಪಾಲಕ್ ರುಬ್ಬಿ ಹಾಕಿದ ಪ್ಯಾನ್‌ಕೇಕ್ ತಿಂದ ಮಗು ಪಾಲಕ್ ತಿನ್ನಲು ಕಲಿತಿಲ್ಲ. ಹೊಸ ತರಕಾರಿಯನ್ನು ಒಪ್ಪಿಕೊಳ್ಳಲು ಎಷ್ಟೋ ಮಕ್ಕಳಿಗೆ ಎಂಟು, ಹತ್ತು, ಹದಿನೈದು ಸಲದ ಪರಿಚಯ ಬೇಕು. ಮೂರನೇ ಸಲಕ್ಕೇ "ಇವನಿಗೆ ಸೇರುವುದಿಲ್ಲ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಬೆರೆಸಿದ್ದು ಒಂದು ಕಡೆ ಇರಲಿ, ಕಣ್ಣಿಗೆ ಕಾಣುವಂತೆ ಒಂದೆರಡು ತುಂಡು ತಟ್ಟೆಯಲ್ಲಿರಲಿ. ತಿನ್ನು ಎಂದು ಹೇಳಬೇಡಿ.

ಜೊತೆಗೆ ಅದ್ದಿಕೊಳ್ಳಲು ಏನಾದರೂ ಇದ್ದರೆ ಕೆಲಸ ಹಗುರ. 500 ಗ್ರಾಂ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಜರಡಿಯ ಮೇಲೆ ಮೂರು ಗಂಟೆ ಇಡಿ. ಗಟ್ಟಿ ಮೊಸರಿಗೆ ಕಾಲು ಚಮಚ ಉಪ್ಪು, ಚಿಟಿಕೆ ಕಾಳುಮೆಣಸು, ಕೊಚ್ಚಿದ ಪುದೀನ ಬೆರೆಸಿ. ಸೌತೆಕಾಯಿಯ ನಡುವಿನ ಬೀಜದ ತಿರುಳು ತೆಗೆದೇ ಕಡ್ಡಿ ಕತ್ತರಿಸಿ, ಇಲ್ಲವಾದರೆ ನೀರೊಡೆದು ತಟ್ಟೆಯೆಲ್ಲ ರಾಡಿ. ಇದನ್ನು ಶಾಲೆಯ ಡಬ್ಬಿಗೆ ಹಾಕುವುದಾದರೆ ಪಕ್ಕದಲ್ಲಿ ಐಸ್ ಪ್ಯಾಕ್ ಇರಲೇಬೇಕು. ಹೊರಗಿನ ಬಿಸಿಗೆ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು.

ಪ್ರಶ್ನೆ: ಡಬ್ಬಿಯಲ್ಲಿ ಸೇಬಿನ ಹೋಳು ಕಂದಾಗುತ್ತದೆ, ಮಗಳು ಮುಟ್ಟುವುದಿಲ್ಲ.

ಒಂದು ಕಪ್ ನೀರಿಗೆ ಅರ್ಧ ಚಮಚ ಉಪ್ಪು, ಅದರಲ್ಲಿ ಹೋಳುಗಳನ್ನು 5–10 ನಿಮಿಷ ಮುಳುಗಿಸಿ, ತೊಳೆದು, ಒರೆಸಿ ಡಬ್ಬಿಗೆ ಹಾಕಿ. ಕತ್ತರಿಸಿದಾಗ ಹೊರಬರುವ ಕಿಣ್ವ ಗಾಳಿಯೊಂದಿಗೆ ಸೇರಿ ಬಣ್ಣ ಕೆಡಿಸುತ್ತದೆ, ಉಪ್ಪು ಅದನ್ನು ತಡೆಯುತ್ತದೆ. ನಿಂಬೆರಸವೂ ಆಗುತ್ತದೆ, ಆದರೆ ಹುಳಿ ಉಳಿಯುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಕಡಲೆಕಾಯಿ ನಿಷೇಧ. ಸೂರ್ಯಕಾಂತಿ ಬೀಜದ ಬೆಣ್ಣೆ ಹಾಕಿ ಕುಕೀಸ್ ಮಾಡಿದೆ. ಬೇಯುವಾಗ ಚೆನ್ನಾಗಿತ್ತು, ಮರುದಿನ ಮುರಿದು ನೋಡಿದರೆ ಒಳಗೆಲ್ಲ ಹಸಿರು! ಬೂಷ್ಟೇ?

ಬೂಷ್ಟಲ್ಲ, ತಿನ್ನಬಹುದು. ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಅಡುಗೆ ಸೋಡಾದ ಕ್ಷಾರದೊಂದಿಗೆ ಸೇರಿ ತಣಿದಂತೆಲ್ಲ ಹಸಿರಾಗುತ್ತದೆ. ಸೋಡಾವನ್ನು ಅರ್ಧಕ್ಕಿಳಿಸಿ, ಹಿಟ್ಟಿಗೆ ಒಂದು ಚಮಚ ನಿಂಬೆರಸ ಸೇರಿಸಿ. ಬೂಷ್ಟಾದರೆ ಮೇಲೆ ಚುಕ್ಕೆ ಚುಕ್ಕೆಯಾಗಿ, ತುಪ್ಪಳದಂತೆ ಇರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಕೆಲವು ಮಕ್ಕಳಿಗೆ ಹಸಿರು ಕುಕೀಸೇ ಹೆಚ್ಚು ಇಷ್ಟವಾಗುತ್ತದೆ, ಅದು ಬೇರೆ ಮಾತು. ಕಡಲೆಕಾಯಿ ಬದಲು ಎಳ್ಳು ಹಾಕುವವರು ಮಾತ್ರ ಶಾಲೆಯಲ್ಲಿ ಕೇಳಿಕೊಳ್ಳಿ. ಎಳ್ಳಿಗೂ ಅಲರ್ಜಿ ಇರುವ ಮಕ್ಕಳಿದ್ದಾರೆ.

ಪ್ರಶ್ನೆ: ಮೊಸರು, ಹಣ್ಣು ರುಬ್ಬಿ ಕಡ್ಡಿ ಐಸ್‌ಕ್ರೀಂ ಮಾಡಿದರೆ ಮಂಜುಗಡ್ಡೆಯ ಹಾಗೆ ಗಟ್ಟಿ. ಸಕ್ಕರೆ ಹಾಕದೆ ಮೆತ್ತಗೆ ಮಾಡಲು ಸಾಧ್ಯವೇ?

ಅಂಗಡಿಯ ಐಸ್‌ಕ್ರೀಂ ಮೆತ್ತಗಿರುವುದು ಸಕ್ಕರೆ, ಕೊಬ್ಬು, ಕಡೆಯುವಾಗ ಸೇರುವ ಗಾಳಿ ಇವುಗಳಿಂದ. ಅಷ್ಟು ನಯ ಮನೆಯಲ್ಲಿ ಬರುವುದಿಲ್ಲ, ಆದರೆ ಹಲ್ಲಿಗೆ ಕಚ್ಚಲು ಬರುವಂತೆ ಮಾಡಬಹುದು. ಕೆನೆ ತೆಗೆಯದ ಹಾಲಿನ ಮೊಸರನ್ನೇ ಬಳಸಿ, ಮೇಲೆ ಹೇಳಿದಂತೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ. ಹುಳಿಯೂ ಅದರೊಂದಿಗೆ ಅಷ್ಟಿಷ್ಟು ಇಳಿಯುತ್ತದೆ. 500 ಗ್ರಾಂ ಮೊಸರಿನಿಂದ ಬಂದ ಗಟ್ಟಿಗೆ ಸಿಪ್ಪೆ ಸುಲಿದ ಬಾಳೆಹಣ್ಣು 200 ಗ್ರಾಂ, ಬೇರೆ ಯಾವುದಾದರೂ ಹಣ್ಣಿನ ತಿರುಳು 100 ಗ್ರಾಂ ಹಾಕಿ ರುಬ್ಬಿ. ಬಾಳೆಹಣ್ಣು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ್ದೇ ಇರಲಿ. ನಯಗೊಳಿಸುವುದೂ ಅದೇ, ಸಿಹಿ ಕೊಡುವುದೂ ಅದೇ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಆದ್ದರಿಂದ ಅಚ್ಚಿಗೆ ಸುರಿಯುವ ಮುಂಚೆ ರುಚಿ ನೋಡಿದಾಗ ಸಿಹಿ ತುಸು ಮುಂದಿರಬೇಕು. ಕಲ್ಲಂಗಡಿಯಂಥ ನೀರಿನ ಹಣ್ಣು ಬೇಡ, ಮಾಡಿದ್ದೆಲ್ಲ ಮತ್ತೆ ಮಂಜುಗಡ್ಡೆಯಾಗುತ್ತದೆ.

ಚಿಕ್ಕ ಅಚ್ಚುಗಳಲ್ಲಿ, 50ರಿಂದ 60 ಮಿ.ಲೀ.ನಷ್ಟು, ಆರು ಗಂಟೆ ಫ್ರೀಜರ್‌ನಲ್ಲಿಡಿ. ಕಡ್ಡಿಯನ್ನು ಮೊದಲೇ ಚುಚ್ಚಿದರೆ ವಾಲುತ್ತದೆ. ಮುಕ್ಕಾಲು ಗಂಟೆ ಕಳೆದು ಮೇಲೆ ಪದರ ಕಟ್ಟಿದ ಮೇಲೆ ನೆಡಿ. ತೆಗೆಯುವಾಗ ಅಚ್ಚನ್ನು ಉಗುರುಬೆಚ್ಚಗಿನ ನೀರಿನಲ್ಲಿ 10–15 ಸೆಕೆಂಡು ಹಿಡಿದು, ಕಡ್ಡಿಯನ್ನು ತಿರುಚದೆ ನೇರವಾಗಿ ಎಳೆಯಿರಿ. ಕೈಗೆ ಕೊಡುವ ಮುಂಚೆ ಎರಡು ನಿಮಿಷ ತಟ್ಟೆಯ ಮೇಲಿಟ್ಟರೆ ಕಚ್ಚಲು ಸರಿಯಾದ ಹದಕ್ಕೆ ಬರುತ್ತದೆ.